ಎದೆಗೆ ಹಿಡಿಸುವುದೋ, ಹಿಂಡಿ ಕೊಡುವುದೋ, ಡಬ್ಬಿ ಹಾಲೋ? ಹಸುಗೂಸಿನ ಹಾಲಿನ ಬಗ್ಗೆ ತೀರ್ಮಾನಿಸುವ ಮುನ್ನ

"ಹಾಲು ಸಾಲುತ್ತಿಲ್ಲ, ಡಬ್ಬಿ ಶುರು ಮಾಡೋಣವೇ?" ಹೆರಿಗೆಯಾದ ಮೂರನೆಯದೋ ನಾಲ್ಕನೆಯದೋ ದಿನ ಎಷ್ಟೋ ಮನೆಗಳಲ್ಲಿ ಈ ಮಾತು ಬರುತ್ತದೆ. ಕೇಳಲು ಒಂದೇ ಪ್ರಶ್ನೆ, ಒಳಗೆ ಮೂರಿವೆ. ಮಗುವಿಗೆ ಯಾವ ಹಾಲು? ಎದೆಯಲ್ಲಿರುವ ಹಾಲನ್ನು ಹೊರಗೆಳೆಯುವುದು ಯಾರು, ಮಗುವೋ, ಕೈಯೋ, ಪಂಪೋ? ತೆಗೆದ ಹಾಲನ್ನು ಬಾಯಿಗೆ ಮುಟ್ಟಿಸುವುದು ಯಾವುದರಿಂದ? ಮೂರನ್ನೂ ಒಂದೇ ಗಂಟು ಕಟ್ಟಿದರೆ ಸಣ್ಣ ತೊಂದರೆಗೂ ದೊಡ್ಡ ಮದ್ದು ಹುಡುಕುವಂತಾಗುತ್ತದೆ. ಮಗುವಿಗೆ ಮೊಲೆ ಹಿಡಿಯಲು ಬಾರದಿದ್ದರೆ ತಿದ್ದಬೇಕಾದ್ದು ಹಿಡಿತ. ತಾಯಿ ಕೆಲಸಕ್ಕೆ ಹೊರಟರೆ ಬದಲಾಗಬೇಕಾದ್ದು ಹಾಲು ತೆಗೆಯುವ ವಿಧಾನ. ಹಾಲನ್ನೇ ಬದಲಿಸಬೇಕಾದ ಸಂದರ್ಭಗಳೂ ಇವೆ, ಆದರೆ ಜನ ಅಂದುಕೊಂಡಷ್ಟು ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಸರಳವಾಗಿದೆ: ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಶುರು, 6 ತಿಂಗಳು ಬರೀ ಎದೆಹಾಲು, ನೀರು ಕೂಡ ಬೇಡ, ಆಮೇಲೆ ಬೇರೆ ಆಹಾರದ ಜೊತೆ 2 ವರ್ಷ ಅಥವಾ ಅದಕ್ಕೂ ಮುಂದಕ್ಕೆ. ಕೆಳಗಿನ ಹೋಲಿಕೆಗೆ ಇದೇ ಬುನಾದಿ.

ಹಾಲಿನಿಂದ ಬರುವುದು, ಚೀಪುವುದರಿಂದ ಬರುವುದು

ಎದೆಹಾಲಿನಲ್ಲಿ ಸುಮಾರು ಶೇ 87 ನೀರು, ಶೇ 7 ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ, ಶೇ 4ರಷ್ಟು ಕೊಬ್ಬು, ಶೇ 1ರಷ್ಟು ಪ್ರೋಟೀನ್ ಇರುತ್ತದೆ. ಇಷ್ಟನ್ನೇ ನೋಡಿದರೆ ಫಾರ್ಮುಲಾ, ಅಂದರೆ ಡಬ್ಬಿ ಹಾಲು, ಹೆಚ್ಚುಕಡಿಮೆ ಸರಿಗಟ್ಟುತ್ತದೆ. ಕ್ಯಾಲೊರಿಯೂ ಹತ್ತಿರಹತ್ತಿರ ಅಷ್ಟೇ, 100 ಮಿ.ಲೀ.ಗೆ 65ರಿಂದ 70. ಅಂತರ ಇರುವುದು ಡಬ್ಬಿಯ ಮೇಲಿನ ಪಟ್ಟಿಯಲ್ಲಿ ಕಾಣದ ವಸ್ತುಗಳಲ್ಲಿ: ಕರುಳಿನ ಒಳಪದರಕ್ಕೆ ಕಾವಲು ನಿಲ್ಲುವ ಐಜಿಎ ಪ್ರತಿಕಾಯ, ಕಬ್ಬಿಣವನ್ನು ಬ್ಯಾಕ್ಟೀರಿಯಾಗಳಿಗೆ ಸಿಗದಂತೆ ಬಿಗಿಹಿಡಿಯುವ ಲ್ಯಾಕ್ಟೋಫೆರಿನ್, ಜೀವಂತ ಬಿಳಿ ರಕ್ತಕಣಗಳು, ಮತ್ತು ಆಲಿಗೋಸ್ಯಾಕರೈಡ್ ಎಂಬ ಸಕ್ಕರೆಗಳು. ಈ ಸಕ್ಕರೆಗಳದೊಂದು ಸೋಜಿಗ. ಲೀಟರಿಗೆ 10ರಿಂದ 15 ಗ್ರಾಂ ಇರುತ್ತವೆ, ಆದರೆ ಮಗುವಿಗೆ ಅವು ಜೀರ್ಣವಾಗುವುದೇ ಇಲ್ಲ. ತಾಯಿಯ ದೇಹ ಅವನ್ನು ತಯಾರಿಸುವುದು ಮಗುವಿನ ಕರುಳಲ್ಲಿ ಬೆಳೆಯಬೇಕಾದ ಬೈಫಿಡೋಬ್ಯಾಕ್ಟೀರಿಯಾಗಳ ಊಟಕ್ಕೆಂದು. ಈಚಿನ ಕೆಲವು ಫಾರ್ಮುಲಾಗಳಲ್ಲಿ ಇವುಗಳ ಕೆಲವೇ ಬಗೆಗಳನ್ನು ಬೆರೆಸುತ್ತಾರೆ. ಎದೆಹಾಲಿನಲ್ಲಿರುವುದು ನೂರಕ್ಕೂ ಹೆಚ್ಚು ಬಗೆ.

ಎದೆಹಾಲು ಕುಡಿಯುವ ಮಕ್ಕಳಲ್ಲಿ ಭೇದಿ, ನ್ಯುಮೋನಿಯಾ, ಕಿವಿಯ ಸೋಂಕು, ನಿದ್ದೆಯಲ್ಲಿ ಸಂಭವಿಸುವ ಹಠಾತ್ ಸಾವು ಕಡಿಮೆ. ಇವುಗಳಲ್ಲಿ ಹೆಚ್ಚಿನ ಲಾಭ ಹಾಲಿನದು, ಹಾಗಾಗಿ ಹಿಂಡಿ ಬಟ್ಟಲಲ್ಲಿ ಕೊಟ್ಟರೂ ಬಹುಪಾಲು ಉಳಿಯುತ್ತದೆ.

ತಾಯಿಗೆ ಸಿಗುವ ಲಾಭ ಹಾಲು ಹೊರಬರುವುದಕ್ಕೆ ಅಂಟಿಕೊಂಡಿದೆ. ಮಗು ಚೀಪಿದಾಗ ಬಿಡುಗಡೆಯಾಗುವ ಆಕ್ಸಿಟೋಸಿನ್ ಎಂಬ ಹಾರ್ಮೋನ್ ಗರ್ಭಕೋಶವನ್ನು ಸಂಕುಚಿಸಿ ಹೆರಿಗೆಯ ನಂತರದ ರಕ್ತಸ್ರಾವ ತಗ್ಗಿಸುತ್ತದೆ. ಮೊದಲ ದಿನಗಳಲ್ಲಿ ಹಾಲೂಡಿಸುವಾಗ ಹೊಟ್ಟೆ ಹಿಂಡಿದಂತೆ ನೋಯುವುದು ಇದಕ್ಕೇ. ಹಾಲೂಡಿಸಿದ ಪ್ರತಿ 12 ತಿಂಗಳಿಗೆ ಸ್ತನ ಕ್ಯಾನ್ಸರಿನ ಅಪಾಯ ಸುಮಾರು ಶೇ 4.3ರಷ್ಟು ಇಳಿಯುತ್ತದೆ ಎಂದು 2002ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ, 30 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಹೇಳಿತು. ಅಂಡಾಶಯದ ಕ್ಯಾನ್ಸರ್, ಎರಡನೇ ಬಗೆಯ ಸಕ್ಕರೆ ಕಾಯಿಲೆಗಳ ಅಪಾಯವೂ ಕಡಿಮೆ.

ಹಾಲೂಡಿಸುವುದನ್ನೇ ಗರ್ಭನಿರೋಧವಾಗಿ ನೆಚ್ಚುವ ಲೆಕ್ಕ ಮಾತ್ರ ಬೇರೆ. ಮಗುವಿಗೆ 6 ತಿಂಗಳು ತುಂಬಿರಬಾರದು, ಮುಟ್ಟು ಮರಳಿರಬಾರದು, ಬರೀ ಎದೆಹಾಲೇ ಕುಡಿಸುತ್ತಿರಬೇಕು, ಹಗಲು 4 ಗಂಟೆಗಿಂತ, ರಾತ್ರಿ 6 ಗಂಟೆಗಿಂತ ಹೆಚ್ಚು ಬಿಡುವು ಕೂಡದು. ಎಲ್ಲವೂ ಕೂಡಿಬಂದರೆ ಗರ್ಭ ನಿಲ್ಲದಿರುವ ಸಾಧ್ಯತೆ ಶೇ 98. ಒಂದು ತಪ್ಪಿದರೂ ಬೇರೆ ವಿಧಾನ ಬೇಕು. ಮಗು ಚೀಪುವಷ್ಟು ಪರಿಣಾಮ ಪಂಪಿನಿಂದ ಬಾರದ್ದರಿಂದ ಹಿಂಡಿಯೇ ಕೊಡುವವರು ಇದನ್ನು ನೆಚ್ಚಿಕೊಳ್ಳದಿರುವುದು ಒಳ್ಳೆಯದು.

ಎದೆಹಾಲಿನಲ್ಲಿ ಕೊರತೆಯೇ ಇಲ್ಲವೆನ್ನುವುದೂ ಸರಿಯಲ್ಲ. ಡಿ ವಿಟಮಿನ್ ಅದರಲ್ಲಿ ತೀರಾ ಕಡಿಮೆ. ದಿನಕ್ಕೆ 400 ಐಯು ಹನಿಗಳನ್ನು ಮಕ್ಕಳ ವೈದ್ಯರು ಬರೆದುಕೊಡುವುದು ಆ ಕಾರಣಕ್ಕೆ.

ನೇರವಾಗಿ ಎದೆಗೆ ಹಿಡಿಸುವುದು

ಉಳಿದ ಎಲ್ಲ ಆಯ್ಕೆಗಳಿಗಿಂತ ಇದರಲ್ಲಿ ಕೆಲಸ ಕಡಿಮೆ, ಕಲಿಯುವ ಮೊದಲ ಎರಡು ವಾರ ಬಿಟ್ಟು. ತೊಳೆಯುವುದಿಲ್ಲ, ಕುದಿಸುವುದಿಲ್ಲ, ಅಳೆಯುವುದಿಲ್ಲ. ಮಗು ಎಷ್ಟು ಎಳೆಯುತ್ತದೋ ಅಷ್ಟು ಹಾಲು ಮತ್ತೆ ತಯಾರಾಗುತ್ತದೆ.

ಕೆಡುವುದು ಹೆಚ್ಚಾಗಿ ಹಿಡಿತದಲ್ಲಿ. ಮಗು ಬರೀ ತೊಟ್ಟನ್ನು ಕಚ್ಚಿಕೊಂಡರೆ ತಾಯಿಗೆ ತೊಟ್ಟು ಬಿರಿಯುತ್ತದೆ, ಮಗುವಿಗೆ ಹಾಲು ಸಿಗುವುದಿಲ್ಲ. ಸರಿಯಾದ ಹಿಡಿತದಲ್ಲಿ ಬಾಯಿ ಆಕಳಿಸಿದಷ್ಟು ಅಗಲವಾಗಿ ತೆರೆದಿರುತ್ತದೆ, ಕೆಳತುಟಿ ಹೊರಕ್ಕೆ ಮಡಚಿರುತ್ತದೆ, ಗಲ್ಲ ಎದೆಗೆ ಒತ್ತಿರುತ್ತದೆ, ತೊಟ್ಟಿನ ಸುತ್ತಲ ಕಪ್ಪು ಭಾಗ ಮೇಲೆ ಹೆಚ್ಚು, ಕೆಳಗೆ ಕಡಿಮೆ ಕಾಣುತ್ತದೆ. ಮಗುವಿನ ಕಿವಿ, ಭುಜ, ಸೊಂಟ ಒಂದೇ ಸಾಲಿನಲ್ಲಿರಬೇಕು. ಕತ್ತು ತಿರುಗಿಸಿಕೊಂಡು ನೀರು ಕುಡಿಯಲು ನಿಮಗೆ ಎಷ್ಟು ಕಷ್ಟವೋ ಅದಕ್ಕೂ ಅಷ್ಟೇ. ಮೊದಲ ಕೆಲವು ಸೆಕೆಂಡು ಎಳೆದಂತಾಗುವುದು ಸಹಜ. ಅದಾದ ಮೇಲೂ ನೋವು ನಿಲ್ಲದಿದ್ದರೆ ಬಾಯಿಯ ಮೂಲೆಯಿಂದ ಬೆರಳು ತೂರಿಸಿ, ಗಾಳಿಯ ಹಿಡಿತ ಬಿಡಿಸಿ, ಮತ್ತೆ ಹಿಡಿಸಿ. ಸುಮ್ಮನೆ ಎಳೆದುಕೊಂಡರೆ ತೊಟ್ಟಿಗೇ ಗಾಯ.

ಇನ್ನು "ಸಾಲುತ್ತಿಲ್ಲ" ಎಂಬ ಮಾತು. ಮೊದಲ 24 ಗಂಟೆಗಳಲ್ಲಿ ಮಗು ಒಂದು ಸಲಕ್ಕೆ ಕುಡಿಯುವುದು 2ರಿಂದ 10 ಮಿ.ಲೀ. ಮಾತ್ರ. ಎರಡನೆಯ ದಿನ 5ರಿಂದ 15, ಮೂರನೆಯ ದಿನ 15ರಿಂದ 30, ನಾಲ್ಕನೆಯ ದಿನ 30ರಿಂದ 60. ಆ ಮೊದಲ ಹಳದಿ, ಅಂಟಂಟು ಹಾಲು ಚಮಚದಷ್ಟೇ ಬರುತ್ತದೆ, ಬೇಕಾದದ್ದೂ ಅಷ್ಟೇ. ಪ್ರತಿಕಾಯಗಳು ದಟ್ಟವಾಗಿರುವುದು ಅದರಲ್ಲೇ, ಅದನ್ನು ಹಿಂಡಿ ಚೆಲ್ಲಬಾರದು. ಎದೆ ಮೆತ್ತಗಾಯಿತು, ಮಗು ಅತ್ತಿತು, ಪಂಪಿನಲ್ಲಿ ಸ್ವಲ್ಪವೇ ಬಂತು, ಇವು ಯಾವುವೂ ಹಾಲು ಕಡಿಮೆಯೆಂಬುದಕ್ಕೆ ಸಾಕ್ಷಿಯಲ್ಲ. ನಂಬಬಹುದಾದ ಲೆಕ್ಕ ಬೇರೆ ಇದೆ. ಐದನೆಯ ದಿನದ ಹೊತ್ತಿಗೆ ಮಗು ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ಯಬೇಕು, ಕಪ್ಪು ಮಲ ಹೋಗಿ ಹಳದಿ ಮಲ 3 ಸಲವಾದರೂ ಆಗಬೇಕು. ಹುಟ್ಟುತೂಕದಲ್ಲಿ ಶೇ 7ರವರೆಗೆ ಇಳಿಯುವುದು ಸಾಮಾನ್ಯ, ಶೇ 10 ಮುಟ್ಟಿದರೆ ವೈದ್ಯರು ನೋಡಲೇಬೇಕು. 10ರಿಂದ 14 ದಿನಗಳಲ್ಲಿ ಹುಟ್ಟುತೂಕ ಮರಳಿ, ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರುತ್ತಿದ್ದರೆ ಹಾಲು ಸಾಲುತ್ತಿದೆ.

24 ಗಂಟೆಯಲ್ಲಿ 8ರಿಂದ 12 ಸಲ ಕುಡಿಸಬೇಕಾಗುತ್ತದೆ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ರಾತ್ರಿ ಹೆಚ್ಚಿರುವುದರಿಂದ ರಾತ್ರಿಯ ಹಾಲು ತಪ್ಪಿಸಿದವರಿಗೆ ಕೆಲವು ದಿನಗಳಲ್ಲಿ ಹಗಲಿನ ಹಾಲೂ ತಗ್ಗುವುದುಂಟು. ಅಳು ಹಸಿವಿನ ಕೊನೆಯ ಸೂಚನೆ. ಬಾಯಿ ಚಪ್ಪರಿಸುವುದು, ಕೈ ಬಾಯಿಗೆ ತರುವುದು, ತಲೆ ಅತ್ತಿತ್ತ ತಿರುಗಿಸಿ ಹುಡುಕುವುದು ಕಂಡಾಗಲೇ ಎತ್ತಿಕೊಂಡರೆ ಹಿಡಿತ ಸಲೀಸು.

ಹಿಂಡುವುದು: ಕೈ, ಕೈ ಪಂಪ್, ವಿದ್ಯುತ್ ಪಂಪ್

ಮೊದಲ ಎರಡು ಮೂರು ದಿನ ಕೈಯೇ ಮೇಲು. ದಪ್ಪ ಹಳದಿ ಹಾಲು ಒಂದೊಂದೇ ಹನಿ ಬರುವುದರಿಂದ ಪಂಪಿನ ಕೊಳವೆ, ಬಾಟಲಿಯ ಗೋಡೆಗಳಿಗೇ ಅರ್ಧ ಅಂಟಿಹೋಗುತ್ತದೆ. ಕೈಯಿಂದಾದರೆ ನೇರ ಚಮಚಕ್ಕೇ ಬೀಳಿಸಬಹುದು. ವಿಧಾನ ಹೀಗೆ:

1. ಕೈ ಸೋಪಿನಿಂದ ತೊಳೆಯಿರಿ. ಎದೆಯನ್ನು ಅಂಗೈಯಿಂದ ಹಗುರವಾಗಿ ಸವರಿ, ತಿಕ್ಕಬೇಡಿ.
2. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನ ಬುಡದಿಂದ 2–3 ಸೆ.ಮೀ. ಹಿಂದೆ ಇಡಿ.
3. ಎದೆಗೂಡಿನ ಕಡೆಗೆ ಒಳಕ್ಕೆ ಒತ್ತಿ, ಆಮೇಲೆ ಎರಡೂ ಬೆರಳನ್ನು ಕೂಡಿಸಿ ಅದುಮಿ, ಬಿಡಿ. ಚರ್ಮದ ಮೇಲೆ ಬೆರಳು ಜಾರಬಾರದು.
4. ಮೊದಲ ಒಂದೆರಡು ನಿಮಿಷ ಏನೂ ಬಾರದಿರಬಹುದು. ಲಯ ತಪ್ಪಿಸದೆ ಮುಂದುವರಿಸಿ. ಹರಿವು ತಗ್ಗಿದಾಗ ಬೆರಳನ್ನು ಗಡಿಯಾರದ ಮುಳ್ಳಿನಂತೆ ಸುತ್ತ ಸರಿಸಿ.

ತೊಟ್ಟನ್ನೇ ಹಿಂಡುವುದು ಎಲ್ಲರೂ ಮಾಡುವ ತಪ್ಪು. ಅಲ್ಲಿ ಹಾಲು ಶೇಖರವಾಗಿರುವುದಿಲ್ಲ, ನೋವಷ್ಟೇ ಬರುತ್ತದೆ.

ವಾರಕ್ಕೆ ಒಂದೆರಡು ಸಲ ಹೊರಹೋಗುವವರಿಗೆ ಕೈ ಪಂಪ್ ಸಾಕು. ದಿನವೂ ಕೆಲಸಕ್ಕೆ ಹೋಗುವವರು, ಮಗು ಐಸಿಯುನಲ್ಲಿರುವವರು, ಅವಳಿ ಹೆತ್ತವರು ಎರಡೂ ಎದೆಯಿಂದ ಒಟ್ಟಿಗೇ ಎಳೆಯುವ ವಿದ್ಯುತ್ ಪಂಪನ್ನೇ ನೋಡಬೇಕು. 15–20 ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಒಂದೊಂದೇ ಎದೆ ಹಿಂಡಿದರೆ ಅದರ ಎರಡರಷ್ಟು ಹೊತ್ತು. ಕೊಳ್ಳುವಾಗ ಎಲ್ಲರೂ ಮೋಟರಿನ ಶಕ್ತಿ ವಿಚಾರಿಸುತ್ತಾರೆ, ಎದೆಗೆ ಕೂರುವ ಕೊಳವೆಯ ಅಳತೆ ಕೇಳುವವರು ಕಡಿಮೆ. ತೊಟ್ಟಿನ ವ್ಯಾಸವನ್ನು ಮಿ.ಮೀ.ನಲ್ಲಿ ಅಳೆದು, ಅದಕ್ಕಿಂತ ಕೆಲವೇ ಮಿ.ಮೀ. ದೊಡ್ಡದನ್ನು ಆರಿಸಿ. ಚಿಕ್ಕದಾದರೆ ತೊಟ್ಟು ಗೋಡೆಗೆ ಉಜ್ಜಿ ಬಿಳಿಚುತ್ತದೆ, ದೊಡ್ಡದಾದರೆ ಕಪ್ಪು ಭಾಗವೂ ಒಳಕ್ಕೆ ಎಳೆದುಕೊಂಡು ಊದಿಕೊಳ್ಳುತ್ತದೆ. ಎರಡರಲ್ಲೂ ಹಾಲು ಕಡಿಮೆ. ಸೆಳೆತವನ್ನು ಹೆಚ್ಚಿಸಿದರೆ ಹಾಲು ಹೆಚ್ಚುತ್ತದೆಂಬುದೂ ತಪ್ಪು. ನೋವು ಆಕ್ಸಿಟೋಸಿನ್ ಅನ್ನು ತಡೆಹಿಡಿಯುತ್ತದೆ, ಹಾಲು ಇಳಿಯುವುದೇ ಇಲ್ಲ. ಹಿತವೆನಿಸುವ ಗರಿಷ್ಠ ಹಂತದಲ್ಲಿ ನಿಲ್ಲಿಸಿ.

ಮಗು ಎದೆಗೇ ಬಾರದಿದ್ದರೆ ಮೊದಲ ವಾರಗಳಲ್ಲಿ ದಿನಕ್ಕೆ 8 ಸಲ ಹಿಂಡಬೇಕು, ಅದರಲ್ಲಿ ಒಂದು ರಾತ್ರಿ. ಒಂದರಿಂದ ಆರು ತಿಂಗಳ ನಡುವೆ ಮಗು ದಿನಕ್ಕೆ ಸರಾಸರಿ 750–800 ಮಿ.ಲೀ. ಕುಡಿಯುತ್ತದೆ, ತಾಯಿ ದೂರವಿರುವ ಪ್ರತಿ ಗಂಟೆಗೆ 30ರಿಂದ 45 ಮಿ.ಲೀ. ಎಂದುಕೊಂಡರೆ ಸಾಕಾಗುತ್ತದೆ. 8 ಗಂಟೆಗೆ 240ರಿಂದ 360. ಎದೆಹಾಲಿನಲ್ಲಿ ತಿಂಗಳು ಕಳೆದಂತೆ ಪ್ರಮಾಣ ಏರುತ್ತಲೇ ಹೋಗುವುದಿಲ್ಲ, ಫ್ರೀಜರ್ ತುಂಬಿಸುವ ಆತಂಕವೂ ಬೇಡ.

ಇಡುವ ಲೆಕ್ಕ: ಆಗತಾನೆ ಹಿಂಡಿದ್ದು 25 ಡಿಗ್ರಿವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ 6 ತಿಂಗಳು. ಫ್ರಿಜ್‌ನಲ್ಲೇ ಕರಗಿಸಿದ್ದು 24 ಗಂಟೆ, ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ. ಮಗು ಬಾಯಿ ಹಾಕಿ ಉಳಿಸಿದ್ದಕ್ಕೆ 2 ಗಂಟೆ ಗಡುವು. ಫ್ರಿಜ್ ಬಾಗಿಲಿನ ಅರೆಯಲ್ಲಿ ಇಡಬೇಡಿ, ತೆರೆದಾಗಲೆಲ್ಲ ಬಿಸಿಗಾಳಿ ತಾಗುವುದು ಅಲ್ಲಿಗೇ. 60–120 ಮಿ.ಲೀ.ನ ಪಾಲು ಮಾಡಿ, ದಿನಾಂಕ ಬರೆದು, ಹಿಗ್ಗಲು ಮೇಲೆ ಜಾಗ ಬಿಡಿ. ಬೆಚ್ಚಗೆ ಮಾಡಲು ಬಿಸಿನೀರಿನ ಪಾತ್ರೆ ಸಾಕು. ಮೈಕ್ರೋವೇವ್ ಒಂದು ಕಡೆ ಕುದಿಸಿ ಇನ್ನೊಂದು ಕಡೆ ತಣ್ಣಗಿಡುತ್ತದೆ, ಬಾಯಿ ಸುಡುತ್ತದೆ. ಇಟ್ಟ ಹಾಲು ಸೋಪಿನ ವಾಸನೆ ಬಂದರೆ ಕೆಟ್ಟಿದೆ ಎಂದಲ್ಲ, ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆದಿರುತ್ತದೆ. ಹಲವು ಮಕ್ಕಳು ತಕರಾರಿಲ್ಲದೆ ಕುಡಿಯುತ್ತವೆ.

ಬೇರೆ ತಾಯಿಯ ಹಾಲು

ಅವಧಿಗೆ ಮುಂಚೆ ಹುಟ್ಟಿದ, ತೂಕ ತೀರಾ ಕಡಿಮೆಯಿರುವ ಮಗುವಿಗೆ ಸ್ವಂತ ತಾಯಿಯ ಹಾಲು ಸಿಗದಿದ್ದರೆ ಎರಡನೆಯ ಆಯ್ಕೆ ಮಿಲ್ಕ್ ಬ್ಯಾಂಕಿನ ದಾನದ ಹಾಲು, ಫಾರ್ಮುಲಾ ಮೂರನೆಯದು. ಇಂಥ ಮಕ್ಕಳ ಕರುಳಿನ ಗೋಡೆ ಉರಿಯೂತದಿಂದ ಕೊಳೆಯುವ ಎನ್‌ಇಸಿ ಎಂಬ ಮಾರಕ ಕಾಯಿಲೆ ಫಾರ್ಮುಲಾ ಕುಡಿದವರಲ್ಲಿ ಹೆಚ್ಚು. ಬ್ಯಾಂಕಿನಲ್ಲಿ ದಾನಿಯ ರಕ್ತ ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸುತ್ತಾರೆ. ರೋಗಾಣುಗಳ ಜೊತೆ ಜೀವಕೋಶಗಳೂ ಸಾಯುತ್ತವೆ, ಐಜಿಎ ಸ್ವಲ್ಪ ನಷ್ಟವಾಗುತ್ತದೆ, ಆಲಿಗೋಸ್ಯಾಕರೈಡ್‌ಗಳು ಉಳಿಯುತ್ತವೆ. ಪ್ರೋಟೀನ್ ಕೂಡ ಕಡಿಮೆಯಿರುವುದರಿಂದ 1500 ಗ್ರಾಂಗಿಂತ ಕಡಿಮೆ ತೂಕದವರಿಗೆ ಪೋಷಕ ಪುಡಿ ಬೆರೆಸುವ ವಿಚಾರವನ್ನು ವೈದ್ಯರು ತೂಗಿ ನೋಡುತ್ತಾರೆ.

ಪರಿಚಯದವರಿಂದಲೋ ಅಂತರ್ಜಾಲದಿಂದಲೋ ತರಿಸಿದ ಹಾಲು ದಾನದ ಹಾಲಲ್ಲ. ಪರೀಕ್ಷೆಯಿಲ್ಲ, ಕಾಯಿಸಿಲ್ಲ, ಹೇಗೆ ಸಾಗಿಸಿದರೆಂಬುದೂ ಗೊತ್ತಿಲ್ಲ. ಅದಕ್ಕಿಂತ ಸರಿಯಾಗಿ ಕಲಸಿದ ಫಾರ್ಮುಲಾ ಮೇಲು.

ಫಾರ್ಮುಲಾ

ಬೇಕಾದಾಗ ಇದು ಬೇಕೇ. ಗ್ಯಾಲಕ್ಟೋಸೀಮಿಯಾ (ಹಾಲಿನ ಸಕ್ಕರೆಯ ಒಂದು ಅಂಶವನ್ನು ದೇಹ ಅರಗಿಸಿಕೊಳ್ಳಲಾಗದ ಹುಟ್ಟುಕಾಯಿಲೆ) ಇರುವ ಮಗುವಿಗೆ ಯಾರ ಎದೆಹಾಲೂ ಆಗದು, ಲ್ಯಾಕ್ಟೋಸ್ ಇಲ್ಲದ ವಿಶೇಷ ಫಾರ್ಮುಲಾವೇ ಆಗಬೇಕು. ತಾಯಿ ಕೀಮೋಥೆರಪಿಯಲ್ಲಿದ್ದಾಗ, ಸ್ತನದಲ್ಲಿ ಹಾಲು ಉತ್ಪಾದಿಸುವ ಅಂಗಾಂಶವೇ ಕಡಿಮೆಯಿದ್ದಾಗ, ತಾಯಿ ಎಲ್ಲವನ್ನೂ ತಿಳಿದು ಬೇಡವೆಂದು ನಿರ್ಧರಿಸಿದಾಗ, ಕೊಡುವುದರಲ್ಲಿ ಅಪರಾಧವೇನಿಲ್ಲ. ಎಚ್‌ಐವಿ ಇರುವ ತಾಯಿ ತಮ್ಮ ದೇಶದ ಸೂಚನೆಯಂತೆ ನಡೆಯಬೇಕು. ಔಷಧಿ ಸರಿಯಾಗಿ ಸೇವಿಸುತ್ತಿರುವ ತಾಯಿ ಎದೆಹಾಲು ಕೊಡಬಹುದೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ನೆಗಡಿ, ಜ್ವರ, ಸಾಮಾನ್ಯ ಆಂಟಿಬಯಾಟಿಕ್, ಮಗುವಿನ ಕಾಮಾಲೆ ಇವು ಹಾಲು ನಿಲ್ಲಿಸಲು ಕಾರಣಗಳಲ್ಲ. ಹಾಲೂಡಿಸುವಾಗ ತೆಗೆದುಕೊಳ್ಳಲಾಗದ ಔಷಧಿಗೆ ಬಹಳ ಸಲ ಬದಲಿ ಸಿಗುತ್ತದೆ, ವೈದ್ಯರನ್ನು ಕೇಳಿ.

ಮೊದಲ ಹಂತದ, ಹಸುವಿನ ಹಾಲು ಆಧಾರಿತ ಫಾರ್ಮುಲಾ ಹೆಚ್ಚಿನ ಮಕ್ಕಳಿಗೆ ಸರಿಹೊಂದುತ್ತದೆ. ಪ್ರೋಟೀನ್ ಒಡೆದ ಬಗೆ ಹಸುವಿನ ಹಾಲಿನ ಅಲರ್ಜಿಗೆ, ವೈದ್ಯರು ಹೇಳಿದರೆ ಮಾತ್ರ. ಆರು ತಿಂಗಳ ನಂತರದ್ದೆಂದು ಮಾರುವ ಎರಡನೆಯ ಹಂತದ ಡಬ್ಬಿ ಅಗತ್ಯವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಹಸುವಿನ ಹಾಲನ್ನೇ ನೇರ ಕೊಡುವುದು ಫಾರ್ಮುಲಾಗೆ ಬದಲಿಯಲ್ಲ: 100 ಮಿ.ಲೀ.ನಲ್ಲಿ 3.3 ಗ್ರಾಂ ಪ್ರೋಟೀನ್, ಅಂದರೆ ಎದೆಹಾಲಿನ ಮೂರರಷ್ಟು. ಎಳೆಯ ಮೂತ್ರಪಿಂಡಕ್ಕೆ ಅದು ಭಾರ, ಕಬ್ಬಿಣವೂ ಸಾಲದು.

ಪುಡಿ ಹಾಲಿನ ದೊಡ್ಡ ಅಪಾಯ ಕಲಸುವುದರಲ್ಲಿದೆ. ಪುಡಿ ಕ್ರಿಮಿರಹಿತವಲ್ಲ, ಅದರಲ್ಲಿ ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಹಾಗಾಗಿ ನೀರು 70 ಡಿಗ್ರಿಗಿಂತ ತಣ್ಣಗಿರಬಾರದು. ಕುದಿಸಿದ ನೀರನ್ನು 30 ನಿಮಿಷಕ್ಕಿಂತ ಹೆಚ್ಚು ಆರಲು ಬಿಡದೆ ಮೊದಲು ನೀರು ಅಳೆದು ಹಾಕಿ, ಆಮೇಲೆ ಡಬ್ಬಿಯದೇ ಚಮಚದಿಂದ ತಲೆ ಸವರಿದ ಅಳತೆಯ ಪುಡಿ. ಹಲವು ಡಬ್ಬಿಗಳಲ್ಲಿ 30 ಮಿ.ಲೀ.ಗೆ ಒಂದು ಚಮಚ, ಆದರೆ ಎಲ್ಲದರಲ್ಲೂ ಅಲ್ಲ, ಓದಿ ನೋಡಿ. ಪುಡಿ ಮೊದಲು ಹಾಕಿ ಗೆರೆವರೆಗೆ ನೀರು ತುಂಬಿದರೆ ಹಾಲು ಗಟ್ಟಿಯಾಗುತ್ತದೆ, ಮಗುವಿಗೆ ನೀರಿನಂಶ ಕೊರತೆಯಾಗಿ ರಕ್ತದಲ್ಲಿ ಸೋಡಿಯಂ ಏರುತ್ತದೆ. ಡಬ್ಬಿ ಹೆಚ್ಚು ದಿನ ಬರಲೆಂದು ತೆಳ್ಳಗೆ ಮಾಡಿದರೆ ತೂಕ ನಿಲ್ಲುತ್ತದೆ, ಸೋಡಿಯಂ ಇಳಿದು ಸೆಳವು ಕೂಡ ಬರಬಹುದು. ನಲ್ಲಿಯ ಕೆಳಗೆ ಬಾಟಲಿ ಹಿಡಿದು ಆರಿಸಿ, ಮಣಿಕಟ್ಟಿನ ಒಳಬದಿಗೆ ಒಂದು ಹನಿ ಬಿಟ್ಟು ನೋಡಿ ಕೊಡಿ. 2 ಗಂಟೆಯಲ್ಲಿ ಮುಗಿಯದ್ದನ್ನು ಚೆಲ್ಲಿ. ದಿನದ ಅಂದಾಜು ಕಿಲೋ ತೂಕಕ್ಕೆ 150 ಮಿ.ಲೀ.: 4 ಕಿಲೋ ಮಗುವಿಗೆ 600, ಎಂಟು ಸಲ ಕೊಟ್ಟರೆ ಸಲಕ್ಕೆ 75. ಬೇಡವೆಂದು ಮುಖ ತಿರುಗಿಸಿದ ಮೇಲೆ ಬಾಟಲಿ ಖಾಲಿ ಮಾಡಿಸುವ ಹಟ ಬೇಡ.

ಚಮಚ, ಬಟ್ಟಲು, ಒಳಲೆ, ಬಾಟಲಿ

ಮಗು ಮುಂದೆ ಎದೆಗೆ ಬರಬೇಕೆಂದಿದ್ದರೆ ಮೊದಲ ವಾರಗಳಲ್ಲಿ ಬಾಟಲಿಗಿಂತ ಚಮಚ, ಬಟ್ಟಲು, ಒಳಲೆ ಒಳ್ಳೆಯವು. ತೊಳೆಯುವುದೂ ಸುಲಭ. ಬಾಟಲಿಯ ನಿಪ್ಪಲಿನ ಸಂದಿಯಲ್ಲಿ ಹಾಲಿನ ಜಿಡ್ಡು ಕೂತು ಭೇದಿ ಶುರುವಾಗುವುದು ಹೆಚ್ಚು. ಬಟ್ಟಲಿನಲ್ಲಿ ಕುಡಿಸುವಾಗ ಮಗು ಎಚ್ಚರವಾಗಿ, ನೆಟ್ಟಗೆ ಕೂತಂತಿರಬೇಕು. ಅಂಚನ್ನು ಕೆಳತುಟಿಗೆ ತಾಗಿಸಿ, ಹಾಲು ತುಟಿ ಮುಟ್ಟುವಷ್ಟೇ ಬಾಗಿಸಿ. ಮಗು ನಾಲಿಗೆಯಿಂದ ನೆಕ್ಕಿಕೊಳ್ಳುತ್ತದೆ. ಬಾಯಿಗೆ ಸುರಿದರೆ ಉಸಿರುನಾಳಕ್ಕೆ ಹೋಗುತ್ತದೆ, ಒಳಲೆಯಲ್ಲಿ ಈ ಅಪಾಯ ಹೆಚ್ಚು.

ಬಾಟಲಿಯೇ ಅನಿವಾರ್ಯವಾದರೆ ನಿಧಾನವಾಗಿ ಹರಿಯುವ ನಿಪ್ಪಲ್ ತೆಗೆದುಕೊಂಡು, ಬಾಟಲಿಯನ್ನು ಅಡ್ಡಡ್ಡ ಹಿಡಿದು, ಆಗಾಗ ತಗ್ಗಿಸಿ ಬಿಡುವು ಕೊಡಿ. ಎದೆಯಲ್ಲಿ ಹಾಲು ಇಳಿಯಲು ಒಂದು ನಿಮಿಷ ಕಾಯಬೇಕು, ಬಾಟಲಿಯಲ್ಲಿ ಕಾಯಬೇಕಿಲ್ಲ. ಆ ವೇಗಕ್ಕೆ ಒಗ್ಗಿದ ಮಗು ಎದೆಯ ಬಳಿ ಸಿಡಿಮಿಡಿಗುಟ್ಟುತ್ತದೆ.

ಎರಡೂ ಸೇರಿಸಿ ಕೊಡುವಾಗ

ಮಿಶ್ರ ಆಹಾರದಲ್ಲಿ ಜಾರುವುದು ಇಲ್ಲಿ: ಒಂದು ಸಲ ಫಾರ್ಮುಲಾ ಕೊಟ್ಟಾಗ ಎದೆ ಆ ಹೊತ್ತು ಖಾಲಿಯಾಗದೆ ಉಳಿಯುತ್ತದೆ. ಉಳಿದ ಹಾಲೇ "ಇನ್ನು ಸಾಕು" ಎಂದು ಗ್ರಂಥಿಗಳಿಗೆ ಸೂಚಿಸುತ್ತದೆ. ಮರುದಿನ ಹಾಲು ಸ್ವಲ್ಪ ಕಡಿಮೆ, ಫಾರ್ಮುಲಾ ಸ್ವಲ್ಪ ಹೆಚ್ಚು. ಆದ್ದರಿಂದ ಮೊದಲು ಎದೆ, ಆಮೇಲೆ ಮೇಲುಹಾಲು (ಎದೆಹಾಲಿನ ಜೊತೆಗೆ ಹೆಚ್ಚುವರಿಯಾಗಿ ಕೊಡುವ ಹಾಲು), ಪ್ರತಿ ಮೇಲುಹಾಲಿಗೆ ಒಂದು ಸಲ ಹಿಂಡುವುದು ಎಂಬ ಕ್ರಮ ಇಟ್ಟುಕೊಳ್ಳಿ. ಹಾಲು ಹೆಚ್ಚಿಸಲು ದಿನಕ್ಕೊಂದು ಗಂಟೆ ಮೀಸಲಿಟ್ಟು 20 ನಿಮಿಷ ಪಂಪ್, 10 ಬಿಡುವು, 10 ಪಂಪ್, 10 ಬಿಡುವು, 10 ಪಂಪ್ ಎಂಬ ಪಟ್ಟು ಹಲವರು ಬಳಸುತ್ತಾರೆ.

ಎದೆ ಕೆಂಪಾಗಿ, ಗಟ್ಟಿಯಾಗಿ ಜ್ವರ ಬಂದರೆ ಹಾಲು ನಿಲ್ಲಿಸಬೇಡಿ, ಗಂಟನ್ನು ಬಲವಾಗಿ ತಿಕ್ಕಲೂ ಬೇಡಿ. ತಣ್ಣನೆಯ ಪಟ್ಟಿ ಹಾಕಿ, ಮಗುವಿಗೆ ಎಂದಿನಷ್ಟೇ ಕುಡಿಸಿ. ಬರಿದಾಗಲೆಂದು ಅತಿಯಾಗಿ ಹಿಂಡಿದರೆ ಹಾಲು ಇನ್ನೂ ಉಕ್ಕಿ ಬಾವು ಏರುತ್ತದೆ. 24 ಗಂಟೆಯಲ್ಲಿ ಇಳಿಯದಿದ್ದರೆ ವೈದ್ಯರ ಬಳಿ ಹೋಗಿ.

ಮೇಲುಹಾಲನ್ನು ಬಿಡಿಸುವ ಹೊತ್ತು ಬಂದಾಗ ಒಮ್ಮೆಲೇ ನಿಲ್ಲಿಸಬೇಡಿ. ಪ್ರತಿ ಎರಡು ಮೂರು ದಿನಕ್ಕೆ ದಿನದ ಒಟ್ಟು ಪ್ರಮಾಣದಿಂದ 30–60 ಮಿ.ಲೀ. ಇಳಿಸಿ. ಉಚ್ಚೆ ದಿನಕ್ಕೆ 6 ಸಲಕ್ಕಿಂತ ತಗ್ಗದೆ, ವಾರದ ತೂಕ 140 ಗ್ರಾಂಗಿಂತ ಕಡಿಮೆಯಾಗದೆ ಏರುತ್ತಿದ್ದರೆ ಇನ್ನೊಂದು ಮೆಟ್ಟಿಲು ಇಳಿಯಿರಿ. ತೂಕ ನಿಂತರೆ ಹಿಂದಿನ ಅಳತೆಗೆ ಮರಳಿ, ಒಂದು ವಾರ ಬಿಟ್ಟು ಮತ್ತೆ ಪ್ರಯತ್ನಿಸಿ.